ಡಿಎನ್‌ಎಸ್ (ಡೊಮೇನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ಪಟ್ಟಿ) ಎಲ್ಲಾ ಕೈಯಲ್ಲೇ ಕ್ಲಿಕ್ ಮಾಡಿಟ್ಟಿದ್ದೇವೆ, ಕೋಡ್‌ಗೆ ತಂದವರು ಯಾರಾದರೂ ಇದ್ದೀರಾ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮದು ಐದೇ ಜನರ ಆಫೀಸು. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು, ಒಂದೆರಡು ಶಾಲೆ, ಹೀಗೆ 14 ಡೊಮೇನ್ ನೋಡಿಕೊಳ್ಳುತ್ತೇವೆ. ಅವುಗಳ ಡಿಎನ್‌ಎಸ್ ಕೆಲವು ಕ್ಲೌಡ್‌ಫ್ಲೇರ್‌ನಲ್ಲಿ, ಕೆಲವು ಅಮೆಜಾನ್‌ನ ರೂಟ್ 53ರಲ್ಲಿ. ಯಾವ ರೆಕಾರ್ಡ್ (ಆ ಪಟ್ಟಿಯ ಒಂದೊಂದು ನಮೂದು) ಯಾಕಿದೆ ಅಂತ ಗೊತ್ತಿದ್ದ ಹುಡುಗ ಹೋದ ತಿಂಗಳು ಬೆಂಗಳೂರಿಗೆ ಕೆಲಸಕ್ಕೆ ಹೋದ. ಇಂಥದ್ದನ್ನೆಲ್ಲ ಕೋಡ್ ಫೈಲ್‌ನಲ್ಲಿ ಬರೆದಿಟ್ಟು ನಡೆಸುವ ಟೆರಾಫಾರ್ಮ್‌ಗೆ ತರೋಣ ಅಂತಿದ್ದೇವೆ. ನೀವೆಲ್ಲ ಎಲ್ಲಿ ಕೈ ಸುಟ್ಟುಕೊಂಡಿರಿ, ಹೇಳಿ.

— ಸರ್, ಹೊಸದಾಗಿ ಏನೂ ಬರೆಯಬೇಡಿ. ಇರುವುದನ್ನು ಇರುವ ಹಾಗೇ ಟೆರಾಫಾರ್ಮ್ ಒಳಗೆ ಇಂಪೋರ್ಟ್ ಮಾಡಿ. ನಾನು ಬರೆಯಲು ಹೋಗಿ ಕೆಟ್ಟೆ. ರೂಟ್ 53ರಲ್ಲಿ ಒಂದೇ ಹೆಸರಿನ ಟಿಎಕ್ಸ್‌ಟಿ (ಬರೀ ಪಠ್ಯದ ರೆಕಾರ್ಡ್) ಸಾಲುಗಳೆಲ್ಲ ಸೇರಿ ಒಂದೇ ರೆಕಾರ್ಡ್ ಸೆಟ್. ಅದು ಗೊತ್ತಿಲ್ಲದೆ ಗೂಗಲ್ ವೆರಿಫಿಕೇಶನ್ ಸಾಲು ಮಾತ್ರ ಬರೆದೆ, ರೆಕಾರ್ಡ್ ಈಗಾಗಲೇ ಇದೆ ಅಂತ ಎರರ್ ಬಂತು, ಸುಮ್ನೆ ಇರದೆ ಅಲೋ ಓವರ್‌ರೈಟ್ (ಇರುವುದರ ಮೇಲೆಯೇ ಬರೆ) ಟ್ರೂ ಮಾಡಿದೆ, ಅಲ್ಲೇ ಇದ್ದ ಎಸ್‌ಪಿಎಫ್ (ಈ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗೆ ಅನುಮತಿ ಅನ್ನುವ) ಸಾಲು ಅಳಿಸಿಹೋಯಿತು. ಸೈಟ್ ಚೆನ್ನಾಗೇ ಓಡುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಮೂರು ದಿನ ಬಿಟ್ಟು ಗಿರಾಕಿ ಫೋನ್ ಮಾಡಿದರು: "ನಮ್ಮ ಬಿಲ್ಲೆಲ್ಲ ಸ್ಪ್ಯಾಮ್‌ಗೆ ಹೋಗ್ತಿದೆಯಂತಲ್ಲಪ್ಪಾ!"

2023ರ ಟೆರಾಫಾರ್ಮ್ 1.5ರಿಂದ ಇಂಪೋರ್ಟ್ ಬ್ಲಾಕ್ ಇದೆ. ರೆಕಾರ್ಡಿನ ಐಡಿ ಕೊಟ್ಟು, ಪ್ಲಾನ್ (ಏನೇನು ಬದಲಾಗುತ್ತದೆ ಅಂತ ಮೊದಲೇ ತೋರಿಸುವ ಕಮಾಂಡ್) ಜೊತೆ ಜನರೇಟ್-ಕಾನ್ಫಿಗ್-ಔಟ್ ಹಾಕಿದರೆ ಕೋಡ್ ಅದೇ ಬರೆದುಕೊಡುತ್ತದೆ. ಕ್ಲೌಡ್‌ಫ್ಲೇರ್‌ಗೆ ಅವರದೇ ಸಿಎಫ್-ಟೆರಾಫಾರ್ಮಿಂಗ್ ಟೂಲ್ ಇದೆ. ಎರಡರಲ್ಲೂ ಬರುವ ಕೋಡ್ ನೋಡಲು ಚೆನ್ನಾಗಿರಲ್ಲ, ಕೂತು ತಿದ್ದಬೇಕು. ಪ್ಲಾನ್‌ನಲ್ಲಿ ಇಂಪೋರ್ಟ್ ಬಿಟ್ಟು ಆ್ಯಡ್, ಚೇಂಜ್, ಡೆಸ್ಟ್ರಾಯ್ ಮೂರೂ 0 ಆಗುವ ತನಕ ಅಪ್ಲೈ (ನಿಜವಾಗಿ ಜಾರಿ) ಮಾಡಬೇಡಿ. ಟೆರಾಫಾರ್ಮನ್ನು ಕ್ಲೌಡ್‌ಫ್ಲೇರ್‌ಗೆ ಜೋಡಿಸುವ ಪ್ಲಗಿನ್, ಅಂದರೆ ಕ್ಲೌಡ್‌ಫ್ಲೇರ್ ಪ್ರೊವೈಡರ್, ಅದರ 5ನೇ ಆವೃತ್ತಿಯಲ್ಲಿ ರೆಕಾರ್ಡ್ ರಿಸೋರ್ಸ್‌ನ ಹೆಸರೇ ಬದಲಾಗಿದೆ, ಹಳೆ ಉದಾಹರಣೆ ನಕಲು ಮಾಡಿದರೆ ಓಡಲ್ಲ.

— ಒಂದು ಸಲಕ್ಕೆ ಒಂದೇ ಡೊಮೇನ್. ಶಾಲೆಯದನ್ನು ರಜದಲ್ಲಿ ಮಾಡಿ. ಸ್ಟೇಟ್ ಫೈಲನ್ನು (ಏನೇನು ತನ್ನ ಕೈಯಲ್ಲಿದೆ ಅಂತ ಟೆರಾಫಾರ್ಮ್ ಬರೆದಿಡುವ ಫೈಲು) ಗಿಟ್‌ಗೆ ಹಾಕಬೇಡಿ, ಅದರಲ್ಲಿ ಪಾಸ್‌ವರ್ಡ್‌ಗಳೂ ಎನ್‌ಕ್ರಿಪ್ಟ್ ಆಗದೆ ಹಾಗೇ ಕೂತಿರಬಹುದು. ವರ್ಷನಿಂಗ್ (ಹಳೆ ಪ್ರತಿಗಳನ್ನೂ ಉಳಿಸುವುದು) ಆನ್ ಮಾಡಿದ ಅಮೆಜಾನ್ ಎಸ್3 ಸ್ಟೋರೇಜ್ ಬಕೆಟ್ ಸಾಕು.

— ಕೇಳಿದವನೇ ನಾನು. ಬರೀ ಡಿಎನ್‌ಎಸ್‌ಗೆ ಟೆರಾಫಾರ್ಮ್ ಜಾಸ್ತಿ ಆಯ್ತು ಅಲ್ವಾ?

— ಡಿಎನ್‌ಎಸ್‌ಗೆಂದೇ ಇರುವ ಡಿಎನ್‌ಎಸ್‌ಕಂಟ್ರೋಲ್ ಟೂಲ್ ನೋಡಿ. ಸ್ಟ್ಯಾಕ್ ಓವರ್‌ಫ್ಲೋದವರು ಮಾಡಿದ್ದು, ನಿಮ್ಮ ಎರಡೂ ಕಡೆಗೂ ಆಗುತ್ತದೆ, ಸ್ಟೇಟ್ ಫೈಲ್ ತಲೆನೋವೂ ಇಲ್ಲ. ಆದರೆ ಒಂದು: ನಿಮ್ಮ ಫೈಲ್‌ನಲ್ಲಿ ಇಲ್ಲದ ರೆಕಾರ್ಡನ್ನು ಅದು ಅಳಿಸುತ್ತದೆ. ಟೆರಾಫಾರ್ಮ್ ಹಾಗಲ್ಲ, ತನಗೆ ಗೊತ್ತಿಲ್ಲದ್ದನ್ನು ಮುಟ್ಟಲ್ಲ. ಅದಕ್ಕೇ ಮೊದಮೊದಲು ನೋ-ಪರ್ಜ್ (ಅಳಿಸಬೇಡ ಅನ್ನುವ ಸೂಚನೆ) ಹಾಕಿ, ಪುಶ್‌ಗೆ, ಅಂದರೆ ಜಾರಿ ಮಾಡುವುದಕ್ಕೆ, ಮುಂಚೆ ಪ್ರಿವ್ಯೂ ಓದಿ.

ಯಾವುದೇ ತಗೊಳ್ಳಿ, ಕೆಲಸ ಮುಗಿದ ದಿನವೇ ಡ್ಯಾಶ್‌ಬೋರ್ಡಿನಲ್ಲಿ ಎಲ್ಲರಿಗೂ ಬರೀ ನೋಡುವ ಅನುಮತಿ ಉಳಿಸಿ. ನಾನೇ ಒಂದು ಸಲ ಬೆಂಗಳೂರಿನ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಒಂದು ಐಪಿ ಬದಲಿಸಿ, ಫೈಲ್‌ನಲ್ಲಿ ಬರೆಯುವುದು ಮರೆತೆ. ಸಂಜೆ ಜೊತೆಯವರು ಬೇರೇನಕ್ಕೋ ಪುಶ್ ಮಾಡಿದರು. ಹಳೆ ಐಪಿ ವಾಪಸ್, ಸೈಟ್ ಢಮಾರ್.

ಇನ್ನೊಂದು. ಇಂಪೋರ್ಟ್ ಮಾಡಿದರೆ ರೆಕಾರ್ಡ್ ಬರುತ್ತದೆ, ಅದು ಯಾಕಿದೆ ಅನ್ನೋದು ಬರಲ್ಲ. ಆ ಹುಡುಗ ಇನ್ನೂ ನಿಮ್ಮ ಫೋನ್ ಎತ್ತುತ್ತಿದ್ದರೆ, ಊರಿಗೆ ಬಂದಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿ, ಪ್ರತಿ ರೆಕಾರ್ಡಿನ ಪಕ್ಕ ಕಾಮೆಂಟ್ ಬರೆಸಿಕೊಳ್ಳಿ.

— ಫೋನ್ ಮಾಡಿದೆ. ಭಾನುವಾರ ಬರ್ತಾನಂತೆ. ಇಡ್ಲಿ ಜೊತೆ ವಡೆನೂ ಬೇಕಂತೆ.