ಕಲ್ಲಿನ ಗೋಡೆ ದಾಟದ ವೈಫೈ: ಕೊಪ್ಪಳದ ಹಳೇ ಮನೆಗೆ ಪರಿಹಾರ ಬೇಕು

ಕೋಟೆ ಓಣಿ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಟೆ ಹತ್ತಿರದ ಹಳೇ ಮಾಳಿಗೆ ಮನೆ. ಎರಡಡಿ ದಪ್ಪದ ಕಲ್ಲಿನ ಗೋಡೆ. ಹೋದ ತಿಂಗಳು ನಮ್ಮನೆಯವರು 100 ಎಂಬಿಪಿಎಸ್ ಫೈಬರ್ ಹಾಕಿಸಿದರು. ರೂಟರ್ ಪಡಸಾಲೆಯಲ್ಲಿದೆ. ಅದು ಎರಡು ವೈಫೈ ಹೆಸರು ತೋರಿಸುತ್ತದೆ. ಅಲ್ಲಿ ಕೂತು, ಹೆಸರಿನ ತುದಿಯಲ್ಲಿ 5ಜಿ ಅಂತ ಇರುವುದನ್ನು ಹಿಡಿದರೆ ವೇಗ 94 ಬರುತ್ತದೆ. ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ಹೋದರೆ ಆ ಹೆಸರೇ ಕಾಣುವುದಿಲ್ಲ. ಇನ್ನೊಂದು ಹೆಸರು ಸಿಗುತ್ತದೆ, ಆದರೆ ವಿಡಿಯೊ ಸುತ್ತುತ್ತಲೇ ಇರುತ್ತದೆ. ಮಗಳು ಅಲ್ಲೇ ಕೂತು ನೀಟ್ ಪಾಠ ಕೇಳಬೇಕು. 200 ಎಂಬಿಪಿಎಸ್ ಪ್ಲಾನ್ ತಗೊಂಡರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ?

ಬಿಸಿಲೂರು, ರಾಯಚೂರು

ಅಕ್ಕಾರೆ, ಪ್ಲಾನ್ ಬದಲಿಸಬೇಡಿ. ದುಡ್ಡು ಸುಮ್ನೆ ಹೋಗುತ್ತದೆ. ಪಡಸಾಲೆಗೆ 94 ಬಂದಿದೆ ಅಂದಮೇಲೆ ಲೈನ್ ಚೆನ್ನಾಗಿದೆ.

ಫೋನಿಗೆ ಒಂದು ವೈಫೈ ಅನಲೈಸರ್ ಆಪ್ ಹಾಕಿಕೊಳ್ಳಿ. ರೂಟರ್ ಪಕ್ಕ, ಅಡುಗೆಮನೆ, ಹಿಂದಿನ ಕೋಣೆ, ಈ ಮೂರು ಕಡೆ ನಿಂತು ಎರಡೂ ಹೆಸರಿನ ಡಿಬಿಎಂ, ಅಂದರೆ ಸಿಗ್ನಲ್ ಬಲದ ಅಂಕಿ, ಬರೆದುಕೊಳ್ಳಿ. ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ರೂಟರ್ ಸರಿಯಾಗಿ ಎಲ್ಲಿಟ್ಟಿದ್ದೀರಿ ಅನ್ನುವುದನ್ನೂ ತಿಳಿಸಿ.

ಕೋಟೆ ಓಣಿ

ರೂಟರ್ ಪಕ್ಕ 5ಜಿ ಮೈನಸ್ 41, ಇನ್ನೊಂದು ಮೈನಸ್ 36. ಅಡುಗೆಮನೆಯಲ್ಲಿ 5ಜಿ ಮೈನಸ್ 74, ಇನ್ನೊಂದು ಮೈನಸ್ 58. ಹಿಂದಿನ ಕೋಣೆಯಲ್ಲಿ ಒಂದೇ ಹೆಸರು, ಮೈನಸ್ 79. ರೂಟರ್ ಗೋಡೆಯ ಮಾಡದಲ್ಲಿದೆ, ಮೊದಲು ದೀಪ ಇಡುತ್ತಿದ್ದ ಜಾಗ. ಅಕ್ಕಪಕ್ಕದವರ ಏಳು ಹೆಸರು ಕಾಣುತ್ತಿವೆ. ಹೆಚ್ಚಿನವು ಚಾನೆಲ್ 6, ನಮ್ಮದೂ 6.

ಬಿಸಿಲೂರು

ಇಷ್ಟು ಚೊಕ್ಕಾಗಿ ಬರೆದುಕೊಟ್ಟಿದ್ದಕ್ಕೆ ಧನ್ಯವಾದ. ಉತ್ತರ ನಿಮ್ಮ ಅಂಕಿಗಳಲ್ಲೇ ಇದೆ.

ಆ 5ಜಿಗೂ ಮೊಬೈಲ್ 5ಜಿಗೂ ಸಂಬಂಧವಿಲ್ಲ. ಅದು 5 ಗಿಗಾಹರ್ಟ್ಸ್, ಇನ್ನೊಂದು 2.4 ಗಿಗಾಹರ್ಟ್ಸ್. ಆ ಡಿಬಿಎಂ ಅಂಕಿ 3 ಇಳಿದರೆ ಸಿಗ್ನಲ್ ಅರ್ಧ, 10 ಇಳಿದರೆ ಹತ್ತನೇ ಒಂದು ಭಾಗ. ಅಡುಗೆಮನೆಗೆ ಬರುವಷ್ಟರಲ್ಲಿ 2.4 ಇಳಿದಿದ್ದು 22, 5 ಇಳಿದಿದ್ದು 33. ನಡೆದ ದೂರಕ್ಕೆ ಆಗುವ ಇಳಿಕೆ ಎರಡಕ್ಕೂ ಒಂದೇ. ಹಾಗಾಗಿ ಜಾಸ್ತಿ ಇಳಿದ 11, ಅಂದರೆ ಹತ್ತು ಪಟ್ಟಿಗೂ ಹೆಚ್ಚಿನ ನಷ್ಟ, ಹೆಚ್ಚುಕಮ್ಮಿ ಪೂರ್ತಿ ಗೋಡೆಯ ಕೆಲಸ. 2.4ರ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, 5ರದ್ದು ಅದರ ಅರ್ಧಕ್ಕಿಂತ ಕಮ್ಮಿ. ಕಲ್ಲು, ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಚಿಕ್ಕ ಅಲೆಯನ್ನು ಜಾಸ್ತಿ ನುಂಗುತ್ತವೆ. ಎರಡನೇ ಗೋಡೆಗೂ 33 ಇಳಿದರೆ ಮೈನಸ್ 107. ಅಷ್ಟು ಕ್ಷೀಣವಾದದ್ದು ಯಾವ ಫೋನಿಗೂ ಸಿಗಲ್ಲ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ರೂಟರ್ ಮಾತಾಡಿದ್ದು ಫೋನಿಗೆ ಕೇಳಿದರೆ ಸಾಲದು, ಫೋನ್ ಮಾತಾಡಿದ್ದು ರೂಟರ್‌ಗೂ ಕೇಳಬೇಕು. ಫೋನಿನ ಶಕ್ತಿ ಸಾಮಾನ್ಯವಾಗಿ ಕಮ್ಮಿ. ಎರಡು ಗೆರೆ ಕಂಡರೂ ವಿಡಿಯೊ ಸುತ್ತುವುದಕ್ಕೆ ಅದೂ ಒಂದು ಕಾರಣ.

ಇವತ್ತೇ ರೂಟರನ್ನು ಆ ಮಾಡದಿಂದ ತೆಗೆಯಿರಿ. ಮೂರು ಕಡೆ ಕಲ್ಲಿದೆ ಅಲ್ವಾ, ಪಾಪ ಅದು ಒಂದೇ ದಿಕ್ಕಿಗೆ ನೋಡುತ್ತಿದೆ. ಅಡುಗೆಮನೆ ಬಾಗಿಲಿಗೆ ನೇರವಾಗಿ, ತಲೆಯೆತ್ತರದಲ್ಲಿ ಒಂದು ಹಲಗೆ ಮೇಲಿಡಿ. ಚಾನೆಲ್ ಅಂದರೆ ಸಿಗ್ನಲ್ ಓಡುವ ದಾರಿ, 6ರಲ್ಲಿ ಅಕ್ಕಪಕ್ಕದವರ ಗದ್ದಲ ಇದೆ. 2.4ಕ್ಕೆ ಚಾನೆಲ್ 1 ಅಥವಾ 11 ಕೊಡಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು. 1, 6, 11 ಒಂದರ ಮೇಲೊಂದು ಬೀಳುವುದಿಲ್ಲ.

ಗದ್ದೆ ಮನೆ, ಗಂಗಾವತಿ

ನಮ್ಮ ಹೊಲದಲ್ಲಿ ಇದೇ ತರ 2.4, 5 ಎರಡೂ ಬ್ಯಾಂಡಿನ ರೂಟರ್ ಇದೆ. ಮಧ್ಯ ಗೋಡೆ ಇಲ್ಲ, ಬರೀ ಗದ್ದೆ. ಪಂಪ್ ಶೆಡ್ಡಿನವರೆಗೆ 5 ಕೂಡ ಬರುತ್ತದೆ. ಅಕ್ಕಾರೆ, ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ತಗೊಂಡರೆ ಹಿಂದಿನ ಕೋಣೆಯಲ್ಲಿ ಇಡಬೇಡಿ. ಅದಕ್ಕೇ ಸಿಗ್ನಲ್ ಇಲ್ಲದಿದ್ದರೆ ಅದು ಕೊಡುವುದೇನು? ಅಡುಗೆಮನೆಯಲ್ಲಿಡಿ.

ಬಿಸಿಲೂರು

ಅವರು ಹೇಳಿದ್ದು ಸರಿ. ಆದರೆ ಒಂದೇ ಬ್ಯಾಂಡಿನ ರಿಪೀಟರ್ ಕೇಳಿದ್ದನ್ನು ಮತ್ತೆ ಹೇಳಬೇಕು, ವೇಗ ಅರ್ಧದಷ್ಟಾಗುತ್ತದೆ. ಪಾಠಕ್ಕೆ ಬೇಕು ಅಂದರೆ ನಾನು ರೂಟರ್‌ನಿಂದ ಹಿಂದಿನ ಕೋಣೆಗೆ ನೆಟ್‌ವರ್ಕ್ ಕೇಬಲ್ಲೇ ಎಳೆಯಿರಿ ಅಂತೀನಿ. ಕಲ್ಲಿಗೆ ತೂತು ಹೊಡೆಯಬೇಕಾಗಿಲ್ಲ. ಪಡಸಾಲೆಯ ಬೆಳಕಿಂಡಿಯಿಂದ ಮೇಲೆ ಹತ್ತಿಸಿ, ಮಾಳಿಗೆ ಮೇಲೆ ಹಾಯಿಸಿ, ಹಿಂದಿನ ಬೆಳಕಿಂಡಿಯಿಂದ ಇಳಿಸಿ. ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಆರಾಮಾಗಿ ನಡೆಯುತ್ತದೆ. ಹೊರಗೆ ಹಾಕುವ ಕಪ್ಪು ಕೇಬಲ್ಲನ್ನೇ ಕೇಳಿ ತಗೊಳ್ಳಿ, ನಮ್ಮ ಬಿಸಿಲಿಗೆ ಒಳಗಿನ ಕೇಬಲ್ ಸಿಪ್ಪೆ ಬಿರುಕು ಬಿಡುತ್ತದೆ. ಬೆಳಕಿಂಡಿಗೆ ಇಳಿಯುವ ಮೊದಲು ಕೇಬಲ್ ಸ್ವಲ್ಪ ಜೋತು ಬಿಡಿ. ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರಲ್ಲ.

ತುದಿಗೆ ಯಾವುದಾದರೂ ಹಳೇ ಎರಡು ಬ್ಯಾಂಡಿನ ರೂಟರ್ ಸಾಕು. ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ಕೇಬಲ್ಲಲ್ಲಿ ಬಂದದ್ದನ್ನು ವೈಫೈ ಮಾಡಿ ಕೊಡುತ್ತದೆ ಅಷ್ಟೇ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮೊದಲ ರೂಟರ್‌ಗೆ ಡಿಕ್ಕಿಯಾಗದಂತೆ ಅದರ ಐಪಿ ಬದಲಿಸಿ, ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ.

ಕೋಟೆ ಓಣಿ

ಅಣ್ಣಾರೆ, ಮಾಡದಿಂದ ತೆಗೆದು ಚಾನೆಲ್ 11ಕ್ಕೆ ಹಾಕಿದ ದಿನವೇ ಹಿಂದಿನ ಕೋಣೆಯಲ್ಲಿ ಮೈನಸ್ 71 ಬಂತು. ಮಗಳು ಒಂದು ತಾಸು ಪಾಠ ನಿಲ್ಲದೆ ಕೇಳಿದಳು. ಭಾನುವಾರ ತಮ್ಮ ಬಂದು ಕೇಬಲ್ ಎಳೆದ, ಅವನದೇ ಹಳೇ ರೂಟರ್ ಕೊಟ್ಟ. ಈಗ ಅಲ್ಲಿ 5ರಲ್ಲಿ ಮೈನಸ್ 45, ವೇಗ 91. ಬಹಳ ಉಪಕಾರ ಆಯಿತು. ಒಂದೇ ತೊಂದರೆ, ಪಡಸಾಲೆಯಿಂದ ನಡೆದು ಹೋದರೆ ಫೋನ್ ಪಡಸಾಲೆಯ ರೂಟರನ್ನೇ ಹಿಡಿದುಕೊಂಡಿರುತ್ತದೆ.

ಬಿಸಿಲೂರು

ಖುಷಿಯಾಯಿತು ಅಕ್ಕಾರೆ. ಯಾವುದನ್ನು ಹಿಡಿಯಬೇಕು ಅಂತ ತೀರ್ಮಾನಿಸುವುದು ಫೋನು. ಎರಡೂ ರೂಟರ್‌ಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. ಪಡಸಾಲೆಯ 2.4ರ ಪವರ್ ಮೀಡಿಯಂಗೆ ಇಳಿಸಿ, ಆಗ ಫೋನ್ ಅದನ್ನು ಬೇಗ ಬಿಡುತ್ತದೆ. ಹಿಂದಿನದಕ್ಕೆ 5ರಲ್ಲಿ ಚಾನೆಲ್ 149, ಮುಂದಿನದಕ್ಕೆ 36 ಇರಲಿ. ಎರಡು ದಿನ ನೋಡಿ ತಿಳಿಸಿ.