ಕುಡಿಯುವ ನೀರಿನ ಪೈಪಿನ ಜಾಯಿಂಟಿಗೆ ಯಾವ ಪೇಸ್ಟು, ಯಾವ ಅಂಟು ಸುರಕ್ಷಿತ?

ಕೇಳಿದವರು, ಮೈಸೂರು:

ನಮ್ಮದು ಮೂವತ್ತೈದು ವರ್ಷ ಹಳೆಯ ಮನೆ. ಓವರ್‌ಹೆಡ್ ಟ್ಯಾಂಕಿನಿಂದ ಅಡುಗೆಮನೆಗೆ ಇಳಿಯುವ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪು ತುಕ್ಕು ಹಿಡಿದಿರುವುದರಿಂದ ಅರ್ಧ ಭಾಗಕ್ಕೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕಿಸಿ, ಉಳಿದ ಜಿಐ ಜಾಯಿಂಟುಗಳನ್ನು ಬಿಚ್ಚಿ ಮತ್ತೆ ಕೂಡಿಸಬೇಕೆಂದಿದ್ದೇವೆ. ಪ್ಲಂಬರ್ ಸೆಣಬಿನ ನಾರನ್ನೂ ಒಂದು ಡಬ್ಬಿ ಬಿಳಿ ಪೇಸ್ಟನ್ನೂ ತಂದಿದ್ದಾರೆ. ಅದರಲ್ಲಿ ಏನಿದೆ ಎಂದು ಡಬ್ಬಿಯ ಮೇಲೆ ಎಲ್ಲಿಯೂ ಬರೆದಿಲ್ಲ. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ದಾವಣಗೆರೆಯಿಂದ:

ಮೊದಲು ಆ ಡಬ್ಬಿಯನ್ನು ಪಕ್ಕಕ್ಕೆ ಇಡಿಸಿ. ನೀರು ಸರಬರಾಜಿನ ಕೆಲಸದಲ್ಲೇ ನೌಕರಿ ಮುಗಿಸಿ ನಿವೃತ್ತನಾದವನು ನಾನು. ನಮ್ಮ ಕಾಲದಲ್ಲಿ ಪೈಪಿನ ತುದಿಯ ಥ್ರೆಡ್ಡಿಗೆ (ತಿರುಪಿನ ಗೆರೆಗಳಿಗೆ) ಸೆಣಬು ಸುತ್ತಿ, ಅದರ ಮೇಲೆ ವೈಟ್ ಲೆಡ್ ಅಥವಾ ರೆಡ್ ಲೆಡ್ ಬಳಿದು ಬಿಗಿಯುವುದೇ ರೂಢಿಯಾಗಿತ್ತು. ಒಂದು ಸೀಸದ ಕಾರ್ಬೊನೇಟ್, ಇನ್ನೊಂದು ಸೀಸದ ಆಕ್ಸೈಡ್. ಕುಡಿಯುವ ನೀರಿನ ಮಾನಕವಾದ ಐಎಸ್ 10500 ಒಂದು ಲೀಟರಿಗೆ 0.01 ಮಿಲಿಗ್ರಾಂ ಸೀಸವನ್ನಷ್ಟೇ ಒಪ್ಪುತ್ತದೆ. ಅಷ್ಟು ಸಣ್ಣ ಪ್ರಮಾಣ ಬಣ್ಣದಿಂದಾಗಲಿ ರುಚಿಯಿಂದಾಗಲಿ ತಿಳಿಯುವಂಥದ್ದಲ್ಲ, ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸೀಸದ ಪಾಲು ಹೆಚ್ಚುತ್ತದೆ. ಅದರಿಂದ ಎಲ್ಲರಿಗಿಂತ ಹೆಚ್ಚು ಹಾನಿಯಾಗುವುದು ಮಿದುಳು ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ. ಈಗಿನ ಎಲ್ಲ ಬಿಳಿ ಪೇಸ್ಟುಗಳಲ್ಲಿ ಸೀಸವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಏನಿದೆ ಎಂದು ಹೇಳದ ಡಬ್ಬಿಯನ್ನು ಮಗು ಕುಡಿಯುವ ನೀರಿನ ದಾರಿಯಲ್ಲಿ ಬಳಸಲು ನನ್ನ ಮನಸ್ಸು ಒಪ್ಪದು.

ಪೇಸ್ಟು ಸಿಗದಿದ್ದಾಗ ಎನಾಮಲ್ ಪೇಂಟನ್ನೇ ಬಳಿಯುವವರೂ ಇದ್ದಾರೆ. ನನ್ನ ತಂಗಿಯ ಮನೆಯಲ್ಲಿ ಹಾಗೆ ಮಾಡಿದಾಗ ವಾರವಿಡೀ ನಲ್ಲಿಯ ನೀರು ಪೇಂಟಿನ ವಾಸನೆ ಹೊಡೆಯುತ್ತಿತ್ತು. ಕೇಳಿದರೆ, "ಏನೂ ಆಗಲ್ಲ ಸಾರ್, ಮೊದ್ಲಿಂದ್ಲೂ ಹಿಂಗೇ ಮಾಡ್ಕೊಂಡು ಬಂದಿದೀವಿ" ಎಂಬ ಉತ್ತರ ಬಂತು.

ಜಿಐ ಜಾಯಿಂಟಿಗೆ ಟೆಫ್ಲಾನ್ ಟೇಪ್ ಸಾಕು. ಅದು ನೀರಿನೊಡನೆ ಪ್ರತಿಕ್ರಿಯಿಸುವುದಿಲ್ಲ. ಸೋರುತ್ತದೆ ಎಂಬ ದೂರು ಬರುವುದು ಹೆಚ್ಚಾಗಿ ಸುತ್ತುವ ತಪ್ಪಿನಿಂದ. ಹಳೆಯ ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಪೈಪಿನ ತುದಿಯನ್ನು ನಿಮ್ಮ ಕಡೆಗೆ ಹಿಡಿದುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಳೆದು ಬಿಗಿಯಾಗಿ ಸುತ್ತಬೇಕು. ತಿರುಗುಮುರುಗಾದರೆ ಫಿಟ್ಟಿಂಗ್ ಬಿಗಿಯುವಾಗ ಟೇಪು ಸುರುಳಿ ಬಿಚ್ಚಿಕೊಂಡು ಹೊರಬರುತ್ತದೆ. ತುದಿಯ ಮೊದಲ ಒಂದು ಸುತ್ತು ಥ್ರೆಡ್ಡನ್ನು ಖಾಲಿ ಬಿಡಿಸಿ, ಇಲ್ಲವಾದರೆ ಟೇಪಿನ ಚೂರುಗಳು ನಲ್ಲಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ.

ಇನ್ನೊಂದು ಮುಖ್ಯ ವಿಷಯ. ಎಣ್ಣೆ ಬೆರೆತ ಪೇಸ್ಟನ್ನು ಸಿಪಿವಿಸಿ ಥ್ರೆಡ್ಡಿಗೆ ಹಚ್ಚಿದರೆ ಪ್ಲಾಸ್ಟಿಕ್ ಒಳಗಿಂದೊಳಗೇ ಸೀಳು ಬಿಡುತ್ತದೆ, ಅದು ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ. ಲೋಹದ ಥ್ರೆಡ್ಡಿಗೆಂದು ಸಣ್ಣ ಬಾಟಲಿಯಲ್ಲಿ ಬರುವ, ಗಾಳಿ ತಾಗದೆಡೆ ಗಟ್ಟಿಯಾಗುವ ಸೀಲೆಂಟನ್ನೂ ಪ್ಲಾಸ್ಟಿಕ್ಕಿಗೆ ಹಾಕಿಸಬೇಡಿ.

ಹುಬ್ಬಳ್ಳಿಯಿಂದ:

ಸಿಪಿವಿಸಿ ಭಾಗದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮಲ್ಲಿ ಸಂಜೆ ಪೈಪು ಅಂಟಿಸಿ ರಾತ್ರಿಯೇ ನೀರು ಬಿಟ್ಟರು. ಹತ್ತು ದಿನವಾದರೂ ನೀರಿನಲ್ಲಿ ಸಲ್ಯೂಷನ್ನಿನ ಘಾಟು ಹೋಗಲಿಲ್ಲ. ಕೊನೆಗೆ ಒಂದು ಎಲ್ಬೋ (ಪೈಪು ತಿರುಗುವಲ್ಲಿ ಹಾಕುವ ಬಾಗಿದ ಫಿಟ್ಟಿಂಗ್) ಕತ್ತರಿಸಿ ನೋಡಿದಾಗ ಒಳಗೆ ಅಂಟು ಬಳೆಯಂತೆ ದಪ್ಪಗೆ ನಿಂತಿತ್ತು. ಉಗುರಿನಿಂದ ಒತ್ತಿದರೆ ಇನ್ನೂ ಮೆತ್ತಗಿತ್ತು. ಈ ಅಂಟು ಟೆಟ್ರಾಹೈಡ್ರೊಫ್ಯುರಾನ್‌ನಂಥ ದ್ರಾವಕಗಳಿಂದ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ, ಆ ದ್ರಾವಕ ಪೂರ್ತಿ ಆರಿಹೋದ ಮೇಲಷ್ಟೇ ನೀರು ಬಿಡಬೇಕು. ಎಷ್ಟು ಹೊತ್ತು ಬೇಕೆಂಬುದು ಪೈಪಿನ ಅಳತೆಯನ್ನೂ ಹವೆಯನ್ನೂ ಅವಲಂಬಿಸಿರುವುದರಿಂದ ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿಸಿ. ಎರಡನೆಯ ಸಲ ನಾವು ಇಡೀ ಒಂದು ದಿನ ಬಿಟ್ಟು, ಆಮೇಲೆ ಒಂದು ಟ್ಯಾಂಕಿನಷ್ಟು ನೀರನ್ನು ಗಿಡಗಳಿಗೆ ಹರಿಸಿದೆವು. ಪೈಪಿಗೆ ಸಮನಾಗಿ, ಫಿಟ್ಟಿಂಗಿನ ಒಳಗೆ ತೆಳುವಾಗಿ ಹಚ್ಚಿದರೆ ಸಾಕು. ಪಿವಿಸಿ ಸಲ್ಯೂಷನ್ನನ್ನು ಸಿಪಿವಿಸಿಗೆ ಬಳಸಬಾರದು, ಗಟ್ಟಿಯಾದ ಹಳೆಯ ಸಲ್ಯೂಷನ್ನಿಗೆ ಥಿನ್ನರ್ ಬೆರೆಸಲೂ ಬಾರದು. ಪೈಪಿನ ಮೇಲೆ ಐಎಸ್ 15778 ಎಂಬ ಮುದ್ರೆಯನ್ನೂ, ಡಬ್ಬಿಯ ಮೇಲೆ ಕುಡಿಯುವ ನೀರಿಗೆ ತಕ್ಕುದೆಂಬ ಪ್ರಮಾಣವನ್ನೂ ನೋಡಿಕೊಳ್ಳಿ. ಎನ್‌ಎಸ್‌ಎಫ್ 61 ಎಂಬುದು ಅಂಥ ಒಂದು ಪ್ರಮಾಣ.

ಬ್ರಿಟನ್ನಿನಿಂದ:

ಇಲ್ಲಿ ಅಗಸೆ ಎಣ್ಣೆಯ ಪೇಸ್ಟನ್ನೂ ನಾರನ್ನೂ ಕುಡಿಯುವ ನೀರಿನ ಪೈಪಿಗೆ ಬಳಸಬಾರದೆನ್ನುವುದು ಸೀಸದ ಕಾರಣಕ್ಕಲ್ಲ, ಅವುಗಳ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ ಎಂಬ ಕಾರಣಕ್ಕೆ. ಆದ್ದರಿಂದ ಪೇಸ್ಟಿನಲ್ಲಿ ಸೀಸವಿಲ್ಲವೆಂದು ಖಚಿತವಾದರೂ ಸೆಣಬನ್ನು ಬಿಡುವುದೇ ಒಳ್ಳೆಯದು.

ದಾವಣಗೆರೆಯಿಂದ, ಮತ್ತೊಮ್ಮೆ:

ಒಂದು ಮಾತು ಬಿಟ್ಟುಹೋಗಿತ್ತು. ಹಳೆಯ ಜಿಐ ಪೈಪಿನ ಸತುವಿನ ಲೇಪದಲ್ಲೂ ಸ್ವಲ್ಪ ಸೀಸ ಬೆರೆತಿರುತ್ತಿತ್ತು. ಕೈಯಲ್ಲಿ ಹಣವಿದ್ದರೆ ಅಡುಗೆಮನೆಯ ಲೈನನ್ನು ಪೂರ್ತಿ ಬದಲಿಸಿಬಿಡಿ. ಬದಲಿಸುವ ಮೊದಲು, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ಮೊದಲ ಲೀಟರನ್ನು ಬೆಳಿಗ್ಗೆ ಹಿಡಿದು ಸೀಸದ ಪರೀಕ್ಷೆಗೆ ಕೊಡಿ. ಇಷ್ಟು ದಿನ ಮಗು ಏನು ಕುಡಿಯುತ್ತಿತ್ತು ಎಂಬುದು ನಿಮಗೆ ತಿಳಿಯಬೇಕಲ್ಲವೇ?

ಕೇಳಿದವರು, ಮೈಸೂರು:

ಎಲ್ಲರಿಗೂ ಕೃತಜ್ಞತೆಗಳು. ನೀರಿನ ಮಾದರಿ ಕೊಟ್ಟ ಮೇಲೆ ಪೂರ್ತಿ ಸಿಪಿವಿಸಿ ಹಾಕಿಸಿದೆವು, ನಲ್ಲಿಯ ಜಾಯಿಂಟುಗಳಿಗೆ ಟೆಫ್ಲಾನ್ ಟೇಪ್ ಮಾತ್ರ ಬಳಸಿದ್ದೇವೆ. ಹಳೆಯ ಎಲ್ಬೋ ಬಿಚ್ಚಿದಾಗ ಸೆಣಬು ಕಪ್ಪಾಗಿ ಕೊಳೆತು ಎಳೆಎಳೆಯಾಗಿ ಕೈಗೆ ಬಂತು, ಥ್ರೆಡ್ಡಿನ ಸಂದುಗಳಲ್ಲಿ ಕಿತ್ತಳೆಗೆಂಪು ಪುಡಿ ಕಚ್ಚಿಕೊಂಡಿತ್ತು. ಪರೀಕ್ಷೆಯ ವರದಿ ಬರುವವರೆಗೂ ಮಗುವಿಗೆ ಕ್ಯಾನ್ ನೀರನ್ನೇ ಕೊಡುತ್ತಿದ್ದೇವೆ.