16,000 ಜನರಲ್ಲಿ ಒಬ್ಬನೇ ಉಳಿದನಂತೆ

ದೊಡ್ಡಪ್ಪ: (ಬಂದದ್ದನ್ನು ಹಾಗೇ ಕಳಿಸಿದ್ದೇನೆ) ತಪ್ಪದೇ ಓದಿ! 1842ರ ಜನವರಿ. ಕಾಬೂಲಿನಿಂದ ಕಣಿವೆ ದಾರಿಯಲ್ಲಿ ಹಿಮ್ಮೆಟ್ಟಿ ಹೊರಟ 16,000 ಬ್ರಿಟಿಷ್ ಸೈನಿಕರಲ್ಲಿ ಜೀವಂತ ಉಳಿದದ್ದು ಒಬ್ಬನೇ ಒಬ್ಬ, ಡಾಕ್ಟರ್ ಬ್ರೈಡನ್! ಅಹಂಕಾರ ಮಾಡಿದವರ ಗತಿ ಇಷ್ಟೇ. ಕನಿಷ್ಠ ಐದು ಗುಂಪಿಗೆ ಕಳಿಸಿ.

ಮೈಸೂರು ಅತ್ತೆ: ಶುಭೋದಯ ಅಣ್ಣ. ತುಂಬಾ ಚೆನ್ನಾಗಿದೆ.

ಚಿಕ್ಕಪ್ಪ: ಯಾವ ಪುಸ್ತಕದಲ್ಲಿದೆ ಅಣ್ಣ ಇದು? ಬಿಸಿ ಅನಾನಸ್ ನೀರಿನ ಕಥೆ ಕಳಿಸಿದ್ದೂ ನೀನೇ ಅಲ್ವಾ?

ದೊಡ್ಡಪ್ಪ: ಅದು ನಾನಲ್ಲ. ಅಳಿಯಂದಿರು.

ಭಾವ: ನನ್ನ ಹೆಸರು ಯಾಕೆ ಎಳೆಯುತ್ತೀರಿ ದೊಡ್ಡ ಮಾವ? ನಾನು ಕಳಿಸಿದ್ದು ಬೇರೆ ಗುಂಪಿಗೆ.

ನಾನು: ದೊಡ್ಡಪ್ಪ, ಊರು, ವರ್ಷ, ಡಾಕ್ಟರ ಹೆಸರು ಎಲ್ಲ ಸರಿ. ಆದರೆ ಅವರು 16,000 ಬ್ರಿಟಿಷರಲ್ಲ. ಸೈನಿಕರೇ ಸುಮಾರು 4,500. ಅದರಲ್ಲಿ ಯುರೋಪಿನವರು 700ರ ಆಸುಪಾಸು. ಉಳಿದವರಲ್ಲಿ ಹೆಚ್ಚಿನವರು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದ ಸಿಪಾಯಿಗಳು, ಈ ದೇಶದವರು. ಅವರ ಜೊತೆ ಸುಮಾರು 12,000 ಮಂದಿ ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ಡೋಲಿ ಹೊರುವವರು, ಹೆಂಡತಿ ಮಕ್ಕಳು. ಸತ್ತವರಲ್ಲಿ ಜಾಸ್ತಿ ಜನ ಬಂದೂಕು ಹಿಡಿದವರೇ ಅಲ್ಲ.

ದೊಡ್ಡಪ್ಪ: ಹಿರಿಯರು ಒಂದು ಒಳ್ಳೆಯ ಮಾತು ಕಳಿಸಿದರೆ ಅದರಲ್ಲೂ ತಪ್ಪು ಹುಡುಕುವುದು. ನೀತಿ ನೋಡಬೇಕಮ್ಮ, ಲೆಕ್ಕ ಅಲ್ಲ.

ಅತ್ತೆ ಮಗ: ಕಣಿವೆ ದಾರಿ ಅಂದ ಕೂಡಲೇ ಚಾರ್ಮಾಡಿ ಘಾಟಿ ನೆನಪಾಯಿತು! ಧರ್ಮಸ್ಥಳದಿಂದ ಬರುವಾಗ ವ್ಯಾನ್ ಕೆಟ್ಟು ನಿಂತಿತ್ತಲ್ಲ. ಏನು ಮಳೆ! ಅಜ್ಜಿ ಚಿತ್ರಾನ್ನ ಕೊಟ್ಟಿದ್ದರು.

ಮೈಸೂರು ಅತ್ತೆ: ಚಿತ್ರಾನ್ನ ಅಲ್ಲ, ಪುಳಿಯೋಗರೆ. ಕಟ್ಟಿದ್ದು ನಾನು.

ಚಿಕ್ಕಪ್ಪ: ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಒಬ್ಬನೇ ಉಳಿದದ್ದು ನಿಜವಾ?

ನಾನು: ಅದೂ ಪೂರ್ತಿ ನಿಜವಲ್ಲ ಚಿಕ್ಕಪ್ಪ. ಜನವರಿ 6ಕ್ಕೆ ಹೊರಟರು. 13ಕ್ಕೆ ಬ್ರೈಡನ್ ಒಬ್ಬನೇ ಸೋತ ಕುದುರೆಯ ಮೇಲೆ ಬ್ರಿಟಿಷ್ ಪಡೆಯಿದ್ದ ಜಲಾಲಾಬಾದ್ ತಲುಪಿದ. ಟೋಪಿಯೊಳಗೆ ತುರುಕಿಕೊಂಡಿದ್ದ ಒಂದು ಪತ್ರಿಕೆಯಿಂದ ತಲೆ ಉಳಿಯಿತು, ಇಲ್ಲದಿದ್ದರೆ ಕತ್ತಿಯ ಏಟು ಪೂರ್ತಿ ಇಳಿಯುತ್ತಿತ್ತು. ಆದರೆ ದಾರಿಯಲ್ಲೇ ಅಫ್ಘನ್ ನಾಯಕ ಅಕ್ಬರ್ ಖಾನನ ಕೈಗೆ ಒತ್ತೆಯಾಳಾಗಿ ಸಿಕ್ಕ ಅಧಿಕಾರಿಗಳು, ಅವರ ಹೆಂಡತಿ ಮಕ್ಕಳು ಇದ್ದರು. ಅವರಲ್ಲಿ ಹೆಚ್ಚಿನವರು ಸೆಪ್ಟೆಂಬರಿನಲ್ಲಿ ಬಿಡುಗಡೆಯಾದರು. ಸೇನಾಪತಿ ಎಲ್ಫಿನ್‌ಸ್ಟನ್ ಕೂಡ ದಾರಿಯಲ್ಲಿ ಸಾಯಲಿಲ್ಲ. ಸೆರೆಯಲ್ಲಿದ್ದು ಏಪ್ರಿಲ್‌ನಲ್ಲಿ ಸತ್ತ.

ನಾನು: ಸಿಪಾಯಿಗಳಿಗೆ ಆ ಅದೃಷ್ಟ ಇರಲಿಲ್ಲ. ಹಿಮದ ಮೇಲೆ, ಡೇರೆ ಇಲ್ಲ, ಸೌದೆ ಇಲ್ಲ. ಚಳಿ ತಡೆಯಲಾರದೆ ತಮ್ಮ ಟೋಪಿ, ಬಟ್ಟೆಗಳನ್ನೇ ಸುಟ್ಟು ಮೈ ಕಾಯಿಸಿಕೊಂಡರು. ಮರುದಿನ ಹಾಕಿಕೊಳ್ಳಲು ಏನಿತ್ತು? ಖುರ್ದ್ ಕಾಬೂಲ್ ಕಣಿವೆಯಲ್ಲಿ ಮೇಲಿನಿಂದ ಘಿಲ್ಜಾಯಿ ಬುಡಕಟ್ಟಿನವರ ಗುಂಡು. ಒಂದೇ ದಿನ ಸುಮಾರು 3,000 ಜನ ಹೋದರು. ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನಾನಿ ಪೊಲಾಕ್‌ನ ಸೈನ್ಯ ಕಾಬೂಲಿಗೆ ಬಂದಾಗ ಅಲ್ಲಿ ಕೈಕಾಲು ಬೆರಳು ಕಳೆದುಕೊಂಡ ಸಿಪಾಯಿಗಳು ಭಿಕ್ಷೆ ಬೇಡುತ್ತಿದ್ದರು. ಎಷ್ಟೋ ಜನರನ್ನು ಗುಲಾಮರಾಗಿ ಮಾರಿದ್ದರು. ಒಬ್ಬನೇ ಉಳಿದ ಅಂದರೆ ಇವರು ಯಾರೂ ಮನುಷ್ಯರೇ ಅಲ್ಲ ಅಂದ ಹಾಗಾಯಿತು. ನನಗೆ ಸಿಟ್ಟು ಬರುವುದು ಅದಕ್ಕೇ.

ಭಾವ: ಇಷ್ಟು ಉದ್ದ ಓದಲು ಆಗಲ್ಲ. ಸಂಜೆ ನೋಡುತ್ತೇನೆ.

ಅತ್ತೆ ಮಗ: ಅವತ್ತು ಅಜ್ಜಿಯನ್ನೂ ಮಕ್ಕಳನ್ನೂ ವ್ಯಾನಲ್ಲೇ ಬಿಟ್ಟು, ಸಿಕ್ಕಿದ ಜೀಪು ಹತ್ತಿ ಮುಂದೆ ಹೋದವರು ಯಾರು ಅಮ್ಮ?

ಮೈಸೂರು ಅತ್ತೆ: ಬೇಡ ಬಿಡೋ. ಮೆಕ್ಯಾನಿಕ್ ಕರೆದುಕೊಂಡು ಬರುತ್ತೇನೆ ಅಂತ ಹೋದವರು ಬೆಳಗ್ಗೆ ಬಂದರು. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ಆಯಿತಂತೆ.

ದೊಡ್ಡಪ್ಪ: ಮೆಕ್ಯಾನಿಕ್ ಸಿಗಲಿಲ್ಲ ಅಂತ ಎಷ್ಟು ವರ್ಷ ಹೇಳಬೇಕು? ಮನೆಯ ವಿಷಯ ಗುಂಪಿನಲ್ಲಿ ಮಾತಾಡುವುದು ಸಂಸ್ಕಾರವಲ್ಲ.

ಚಿಕ್ಕಪ್ಪ: ಇದು ಮನೆಯವರದೇ ಗುಂಪು ಅಣ್ಣ.

ಭಾವ: ಅಂದ ಹಾಗೆ, ಫಾರ್ವರ್ಡ್ ಚೆನ್ನಾಗಿತ್ತು. ಆಫೀಸಿನ ಗುಂಪಿಗೆ ಆಗಲೇ ಹಾಕಿಬಿಟ್ಟೆ.

ನಾನು: ಹಾಗಾದರೆ ಅದರ ಕೆಳಗೆ ನಾನು ಬರೆದದ್ದನ್ನೂ ಹಾಕಿ ಭಾವ. ಸಿಪಾಯಿಗಳ ಭಾಗ ಬಿಡಬೇಡಿ.

ದೊಡ್ಡಪ್ಪ: ಅದು ಆಮೇಲೆ. ನೀರುದೋಸೆ ಕಥೆ ನಿಮಗೆ ಹೇಳಿದವರು ಯಾರು? ಡ್ರೈವರಾ?